ಹಳೆಯ ಕಾರು ಕೊಳ್ಳುವಾಗ: ಬಣ್ಣದ ಕೆಳಗೆ ಏನಿದೆ?

ಮಂಡಿಗೆ ಅಡಿಕೆ ಒಯ್ದರೆ ಖರೀದಿದಾರರು ಚೀಲದ ಬಾಯಿ ನೋಡಿ ದರ ಕಟ್ಟುವುದಿಲ್ಲ. ತಳದವರೆಗೆ ಕೈ ಹಾಕಿ ರಾಶಿಯ ನಡುವೆ ಗೊರಬಲು ಸೇರಿದೆಯೇ ಎಂದು ನೋಡುತ್ತಾರೆ. ಕಾಫಿ ಒಯ್ದರೆ ತೇವಾಂಶ ಅಳೆಯುತ್ತಾರೆ, ಔಟ್‌ಟರ್ನ್ ತೆಗೆಯುತ್ತಾರೆ. ಇದು ಬೆಳೆಗಾರರಾದ ನಮಗೆಲ್ಲ ತಿಳಿದ ಸಂಗತಿ. ಹೀಗಿದ್ದೂ 2024ರ ಡಿಸೆಂಬರಿನಲ್ಲಿ ನಾವು ರೂ. 4,60,000 ಎಣಿಸಿ ಕೊಟ್ಟು ಒಂದು ಹಳೆಯ ಕಾರನ್ನು ಮನೆಗೆ ತಂದಾಗ, ಅದರ ಮೈಬಣ್ಣ ನೋಡಿದೆವೇ ಹೊರತು ತಳಕ್ಕೆ ಕೈ ಹಾಕಲಿಲ್ಲ. ಅದರಿಂದ ಕಲಿತ ಪಾಠವನ್ನು ಬೆಳೆಗಾರ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಅರೇಬಿಕಾ ಕೊಯ್ಲಿನ ಗಡಿಬಿಡಿಯ ದಿನಗಳು. ಮನೆಯಲ್ಲಿದ್ದ ಜೀಪು ಗೊಬ್ಬರ, ಆಳುಗಳು, ಕಾಯಿ ಚೀಲ ಎಂದು ತೋಟದಲ್ಲೇ ಸುತ್ತುತ್ತಿತ್ತು. ವಯಸ್ಸಾದ ತಾಯಿಯವರನ್ನು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಕರೆದೊಯ್ಯಬೇಕಾಗಿತ್ತು. ಜೀಪಿನ ಕುಲುಕಾಟ ಅವರಿಗೆ ಆಗದು. ಆದ್ದರಿಂದ ಒಂದು ಸಣ್ಣ ಕಾರು ಬೇಕೆನಿಸಿತು. ನಗರದ ಒಬ್ಬ ವ್ಯಾಪಾರಿಯ ಬಳಿ 2020ನೇ ಮಾದರಿಯ ಬಿಳಿ ಕಾರು ಇತ್ತು. ಓಡಿದ್ದು 41,000 ಕಿಲೋಮೀಟರು, ಒಬ್ಬರೇ ಮಾಲೀಕರು, ಒಳಗೆ ಸೀಟಿನ ಮೇಲೆ ಒಂದು ಕಲೆಯೂ ಇಲ್ಲ. ಅರ್ಧ ಗಂಟೆಯಲ್ಲಿ ನೋಡಿ, ಮುಖ್ಯರಸ್ತೆಯಲ್ಲಿ ಎರಡು ಕಿಲೋಮೀಟರು ಓಡಿಸಿ, ಸಂಜೆಯೊಳಗೆ ವ್ಯಾಪಾರ ಮುಗಿಸಿ ಹೊರಟೆವು. ಕತ್ತಲಾಗುವ ಮುನ್ನ ಘಾಟಿ ಹತ್ತಬೇಕೆಂಬುದೇ ಆಗ ನಮ್ಮ ದೊಡ್ಡ ಚಿಂತೆಯಾಗಿತ್ತು.

ಘಾಟಿಯಲ್ಲಿ ಕಂಡದ್ದು

ಮೊದಲ ಎರಡು ತಿಂಗಳು ಏನೂ ತೊಂದರೆ ಕಾಣಲಿಲ್ಲ. ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ತಾಯಿಯವರನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುತ್ತಿದ್ದೆವು. ತಿರುವಿಗೆ ಮುಂಚೆ ಬ್ರೇಕು ತುಳಿದಾಗಲೆಲ್ಲ ಕಾರು ಎಡಕ್ಕೆ ವಾಲಲು ನೋಡುತ್ತಿತ್ತು. ಸ್ಟೀರಿಂಗನ್ನು ಬಲಕ್ಕೆ ಒತ್ತಿ ಹಿಡಿಯಬೇಕಾಯಿತು. ಎದುರಿನಿಂದ ಬಸ್ಸು ಬಂದ ಒಂದು ತಿರುವಿನಲ್ಲಿ ಎಡಗಡೆಯ ಗಾಲಿ ಡಾಂಬರು ಬಿಟ್ಟು ಅಂಚಿನ ಮಣ್ಣಿಗೆ ಇಳಿದೇಬಿಟ್ಟಿತು. ಹಿಂದಿನ ಸೀಟಿನಲ್ಲಿದ್ದ ತಾಯಿಯವರು ಏನೂ ಮಾತನಾಡಲಿಲ್ಲ. ಸೋಮೇಶ್ವರ ತಲುಪುವವರೆಗೆ ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದೇ ಕುಳಿತಿದ್ದರು.

ಊರಿಗೆ ಮರಳಿ ಬ್ರೇಕು ತೋರಿಸಿದೆವು. ಬ್ರೇಕಿನಲ್ಲಿ ದೋಷವಿರಲಿಲ್ಲ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದೆವು. ಎಡಗಡೆಯ ಮುಂದಿನ ಗಾಲಿಯ ಕೋನ ಮಾತ್ರ ಅಳತೆಗೆ ಬರಲೇ ಇಲ್ಲ. ಆ ಟಯರಿನ ಒಳ ಅಂಚು ಮೂರು ಸಾವಿರ ಕಿಲೋಮೀಟರಿನಲ್ಲಿ ಸವೆದು ನುಣುಪಾಗಿತ್ತು. ಕೊನೆಗೆ ನಮ್ಮ ಜೀಪನ್ನು ಇಪ್ಪತ್ತು ವರ್ಷದಿಂದ ನೋಡಿಕೊಳ್ಳುತ್ತಿರುವ ಗ್ಯಾರೇಜಿನ ಮೇಸ್ತ್ರಿಯ ಬಳಿಗೆ ಕಾರನ್ನು ಒಯ್ದೆವು. ಅವರು ಸ್ಪ್ಯಾನರು ಮುಟ್ಟುವ ಮೊದಲು ಬಾನೆಟ್ ಎತ್ತಿ ಐದು ನಿಮಿಷ ಸುಮ್ಮನೆ ನೋಡಿದರು. ಎಡಗಡೆಯ ಮಡ್‌ಗಾರ್ಡನ್ನು ಬೆರಳ ಗಂಟಿನಿಂದ ತಟ್ಟಿದರು, ಬಲಗಡೆಯದನ್ನೂ ತಟ್ಟಿದರು. ಬಲಗಡೆ ತಗಡಿನ ಸದ್ದು ಬಂದರೆ ಎಡಗಡೆ ಮಣ್ಣಿನ ಗೋಡೆ ತಟ್ಟಿದಂಥ ಸದ್ದು. ಆಮೇಲೆ ಹೇಳಿದರು: “ಗೌಡ್ರೇ, ಈ ಗಾಡಿ ಒಂದ್ಸಲ ಜೋರಾಗಿ ಗುದ್ದಿದೆ ಕಣ್ರೀ. ತಗೊಳ್ಳೋ ಮುಂಚೆ ಒಂದು ಮಾತು ಹೇಳಿದ್ರೆ ನಾನೇ ಬರ್ತಿದ್ನಲ್ಲ.”

ಕಾರನ್ನು ಪಿಟ್ಟಿನ ಮೇಲೆ ನಿಲ್ಲಿಸಿ ಕೆಳಗಿನಿಂದ ದೀಪ ಹಿಡಿದಾಗ ಎಲ್ಲವೂ ತಿಳಿಯಿತು. ಎಂಜಿನ್ನಿನ ಎರಡು ಪಕ್ಕದಲ್ಲಿ ಮುಂದಕ್ಕೆ ಚಾಚಿರುವ ಉಕ್ಕಿನ ತೊಲೆಗಳಲ್ಲಿ ಬಲಗಡೆಯದು ನೆಟ್ಟಗಿತ್ತು. ಎಡಗಡೆಯದು ಮಡಿಕೆಬಿದ್ದದ್ದನ್ನು ಸುತ್ತಿಗೆಯಿಂದ ಬಡಿದು ನೇರ ಮಾಡಿ, ಮೇಲೊಂದು ಪಟ್ಟಿ ಇಟ್ಟು ಬೆಸೆದು, ಕಾಣದಂತೆ ಕಪ್ಪು ಬಳಿದಿದ್ದರು. ಆ ಕಪ್ಪು ಬಳಿತ ಎಡಗಡೆ ಮಾತ್ರ ಇತ್ತು.

ಜೀಪಿನ ಲೆಕ್ಕ ಬೇರೆ, ಕಾರಿನ ಲೆಕ್ಕ ಬೇರೆ

ಇಲ್ಲಿ ಒಂದು ವಿಷಯವನ್ನು ಬಿಡಿಸಿ ಹೇಳಬೇಕಾಗಿದೆ. ಮಲೆನಾಡಿನ ನಾವು ಜೀಪಿನ ಜೊತೆ ಬೆಳೆದವರು. ಜೀಪಿನಲ್ಲಿ ಏಣಿಯಂಥ ಗಟ್ಟಿ ಚಾಸಿ ಕೆಳಗಿರುತ್ತದೆ, ಬಾಡಿಯನ್ನು ಅದರ ಮೇಲೆ ಬೋಲ್ಟು ಹಾಕಿ ಕೂರಿಸಿರುತ್ತಾರೆ. ಗೇಟಿನ ಕಂಬಕ್ಕೆ ತಾಗಿದರೆ ಮಡ್‌ಗಾರ್ಡು ನೆಗ್ಗುತ್ತದೆ, ಟಿಂಕರಿಂಗ್ ಮಾಡಿಸಿದರಾಯಿತು. ಗಾಲಿ, ಸ್ಟೀರಿಂಗು, ಎಂಜಿನ್ನು ಎಲ್ಲ ಚಾಸಿಯ ಆಧಾರದಲ್ಲಿರುವುದರಿಂದ ಹೊರಗಿನ ತಗಡಿನ ನೆಗ್ಗು ಅವುಗಳವರೆಗೆ ಹೋಗುವುದಿಲ್ಲ. ಚಾಸಿಯೇ ಬಾಗಿದ್ದರೆ ಮಾತು ಬೇರೆ.

ಇಂದಿನ ಸಣ್ಣ ಕಾರುಗಳಲ್ಲಿ ಬೇರೆ ಚಾಸಿ ಇಲ್ಲ. ತಗಡುಗಳನ್ನು ಸಾವಿರಾರು ಚುಕ್ಕೆ ಬೆಸುಗೆಗಳಿಂದ ಒಂದುಗೂಡಿಸಿದ ಪೆಟ್ಟಿಗೆಯೇ ಕಾರಿನ ಅಸ್ಥಿಪಂಜರ. ಮುಂದಿನ ತೊಲೆಗಳಿಗೆ ಎರಡು ಕೆಲಸ. ಒಂದು, ಎಂಜಿನ್ನನ್ನೂ ಮುಂದಿನ ಗಾಲಿಗಳ ಜೋಡಣೆಯನ್ನೂ ಅಳತೆಗೆ ಸರಿಯಾಗಿ ಹಿಡಿದಿಡುವುದು. ಎರಡು, ಡಿಕ್ಕಿಯಾದಾಗ ತಾವು ಮಡಚಿಕೊಂಡು ಹೊಡೆತವನ್ನು ನುಂಗುವುದು. ಒಳಗೆ ಕುಳಿತವರಿಗೆ ಪೆಟ್ಟು ಕಡಿಮೆಯಾಗಲೆಂದೇ ಎಲ್ಲಿ, ಎಷ್ಟು ಮಡಚಬೇಕೆಂದು ಲೆಕ್ಕ ಹಾಕಿ ಅವುಗಳನ್ನು ಮಾಡಿರುತ್ತಾರೆ. ಒಮ್ಮೆ ಮಡಚಿದ್ದನ್ನು ಬಡಿದು ನೇರ ಮಾಡಿದರೆ ಅದು ಮೊದಲಿನಂತೆ ಕೆಲಸ ಮಾಡುತ್ತದೆಂಬ ಭರವಸೆಯಿಲ್ಲ. ಅಳತೆ ಕೆಲವು ಮಿಲಿಮೀಟರು ತಪ್ಪಿದರೂ ಗಾಲಿ ಓರೆಯಾಗುತ್ತದೆ. ನಮಗೆ ಘಾಟಿಯಲ್ಲಿ ಆದದ್ದು ಅದೇ.

ಹಾಗೆಂದು ಬಣ್ಣ ಹೊಡೆಸಿದ ಕಾರುಗಳೆಲ್ಲ ಕೆಟ್ಟವೆಂದು ತಿಳಿಯಬಾರದು. ಬಂಪರು ಬದಲಾಗಿರುವುದು, ಬಾಗಿಲಿನ ಗೀರಿಗೆ ಬಣ್ಣ ಬಿದ್ದಿರುವುದು ಇವೆಲ್ಲ ಚರ್ಮದ ಗಾಯಗಳು. ಬಾನೆಟ್, ಮಡ್‌ಗಾರ್ಡು, ಬಾಗಿಲು ಇವು ಬೋಲ್ಟು ಅಥವಾ ಕೀಲಿನ ಮೇಲೆ ನಿಂತ ಭಾಗಗಳು, ಬದಲಾಯಿಸಿದ್ದರೆ ಕಾರಣ ಕೇಳಿ ತಿಳಿದರೆ ಸಾಕು. ತೊಲೆ, ಕಂಬ, ನೆಲ, ಚಾವಣಿ ಇವು ಮಾತ್ರ ಮೂಳೆ. ಮೂಳೆಗೆ ಪೆಟ್ಟಾಗಿದ್ದರೆ ದರ ಇಳಿಸಿ ಕೊಳ್ಳುವ ಮಾತೂ ಬೇಡ, ಬಿಟ್ಟು ಬರುವುದೇ ಲೇಸು.

ನೋಡಬೇಕಾದ ಗುರುತುಗಳು

ಬಿಳಿ ಕಾಂಡಕೊರಕ ಬಿದ್ದ ಅರೇಬಿಕಾ ಗಿಡ ಮೊದಮೊದಲು ಹಸಿರಾಗಿಯೇ ಕಾಣುತ್ತದೆ. ಬಗ್ಗಿ ಕಾಂಡ ನೋಡಿದವನಿಗೆ ತೊಗಟೆಯ ಮೇಲಿನ ಉಬ್ಬುಗೆರೆಗಳು ಸಿಗುತ್ತವೆ. ಕಾರಿನಲ್ಲಿಯೂ ಅಂಥ ಉಬ್ಬುಗೆರೆಗಳಿವೆ. ಮೇಸ್ತ್ರಿಯವರು ನಮಗೆ ತೋರಿಸಿಕೊಟ್ಟ ಕ್ರಮದಲ್ಲೇ ಅವನ್ನು ಇಲ್ಲಿ ಕೊಡುತ್ತೇವೆ.

ಕಾರನ್ನು ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ನೋಡಬೇಕು. ಮಳೆಯಲ್ಲಿ, ಆಗತಾನೆ ತೊಳೆದು ಒದ್ದೆಯಾಗಿರುವಾಗ, ಅಂಗಡಿಯ ವಿದ್ಯುದ್ದೀಪದಲ್ಲಿ ನೋಡಲೇಬಾರದು. ಪಕ್ಕದಿಂದ ಉದ್ದಕ್ಕೆ ಕಣ್ಣು ಹಾಯಿಸಿದರೆ ಪುಟ್ಟಿ ಹಾಕಿದ ಕಡೆ ಪ್ರತಿಬಿಂಬ ಅಲೆಯಾಗಿ ಮುರಿಯುತ್ತದೆ. ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಎರಡೂ ಪಕ್ಕದಲ್ಲಿ ಒಂದೇ ಅಗಲ ಇರಬೇಕು.

ಒಂದು ಸಣ್ಣ ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ತಗಡಿನ ಮೇಲೆ ಆಡಿಸಬೇಕು. ದಪ್ಪ ಪುಟ್ಟಿ ಇರುವಲ್ಲಿ ಅದು ಹಿಡಿಯುವುದಿಲ್ಲ. ಬಂಪರು ಪ್ಲಾಸ್ಟಿಕ್ಕಿನದಾದ್ದರಿಂದ ಅಲ್ಲಿ ಈ ಪರೀಕ್ಷೆ ನಡೆಯದು. ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರು ಈಗ ಅನೇಕ ಗ್ಯಾರೇಜುಗಳಲ್ಲಿದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ ಸುಮಾರು 80ರಿಂದ 150 ಮೈಕ್ರಾನ್ ಇರುತ್ತದೆ. ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು ಒಂದು ಮೈಕ್ರಾನ್. ಮತ್ತೆ ಬಣ್ಣ ಹೊಡೆದಲ್ಲಿ ಅದು 200 ದಾಟುತ್ತದೆ. ಪುಟ್ಟಿ ತುಂಬಿದಲ್ಲಿ 500, 1,000 ಎಂದು ಏರುತ್ತದೆ.

ಬಾನೆಟ್ಟಿನ ಕೀಲು ಮತ್ತು ಮಡ್‌ಗಾರ್ಡಿನ ಬೋಲ್ಟುಗಳ ತಲೆಯ ಮೇಲೆ ಕಾರ್ಖಾನೆಯ ಬಣ್ಣ ಹಾಗೆಯೇ ಕೂತಿರಬೇಕು. ಅಂಚಿನಲ್ಲಿ ಬಣ್ಣ ಒಡೆದಿದ್ದರೆ ಸ್ಪ್ಯಾನರು ತಾಗಿದೆ ಎಂದೇ ಅರ್ಥ. ಬಾಗಿಲಿನ ರಬ್ಬರ್ ಬೀಡಿಂಗನ್ನು ಮೆಲ್ಲಗೆ ಎಳೆದರೆ ಕೆಳಗೆ ಚುಕ್ಕೆ ಬೆಸುಗೆಯ ಗುಂಡಗಿನ ತಗ್ಗುಗಳು ಹೆಚ್ಚುಕಡಿಮೆ ಸಮ ಅಂತರದಲ್ಲಿ ಕಾಣಬೇಕು. ಅವು ಕಾಣದಿದ್ದರೆ, ಅಥವಾ ಗ್ಯಾಸ್ ಬೆಸುಗೆಯ ಒರಟು ಗೆರೆಯಿದ್ದರೆ, ಅಲ್ಲಿ ಕೆಲಸ ನಡೆದಿದೆ. ಬೀಡಿಂಗಿನ ಮೇಲೆ ಬಣ್ಣದ ಹನಿಗಳಿದ್ದರೂ ಅದೇ ಅರ್ಥ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗಿನ ತಗಡನ್ನು ನೋಡುವುದನ್ನೂ ಮರೆಯಬಾರದು. ಹಿಂದಿನಿಂದ ಗುದ್ದಿದ ಗಾಡಿಯಲ್ಲಿ ಗುಟ್ಟು ರಟ್ಟಾಗುವುದು ಅಲ್ಲಿಯೇ.

ಗಾಜುಗಳ ಮೂಲೆಯಲ್ಲಿ ತಯಾರಕರ ಮುದ್ರೆಯೂ ತಯಾರಾದ ವರ್ಷದ ಗುರುತೂ ಇರುತ್ತವೆ. ಒಂದು ಗಾಜು ಮಾತ್ರ ಬೇರೆಯದಾಗಿದ್ದರೆ ಏಕೆಂದು ಕೇಳಬೇಕು. ಕಲ್ಲು ಸಿಡಿದೂ ಗಾಜು ಒಡೆದಿರಬಹುದು, ಆದರೂ ಉತ್ತರ ಬೇಕು. ಹೆಡ್‌ಲೈಟುಗಳಲ್ಲಿ ಒಂದು ಹೊಸದಾಗಿ ಹೊಳೆದು ಇನ್ನೊಂದು ಹಳದಿ ತಿರುಗಿದ್ದರೂ ಹಾಗೆಯೇ.

ಏರ್‌ಬ್ಯಾಗಿನ ವಿಚಾರ ಇನ್ನೂ ಮುಖ್ಯ. ನಮ್ಮ ದೇಶದಲ್ಲಿ 2019ರ ಜುಲೈ 1ರಿಂದ ಕಾರುಗಳಿಗೆ ಚಾಲಕನ ಏರ್‌ಬ್ಯಾಗು ಕಡ್ಡಾಯವಾಗಿದೆ. ಕೀಲಿ ತಿರುಗಿಸಿದಾಗ ಅದರ ಕೆಂಪು ದೀಪ ಕೆಲವು ಸೆಕೆಂಡು ಹತ್ತಿ ಆರಬೇಕು. ಆರದಿದ್ದರೆ ದೋಷವಿದೆ. ಹತ್ತದೇ ಇದ್ದರೆ ಯಾರೋ ಕೈಯಾಡಿಸಿರುವ ಸಂಶಯ ಬರುತ್ತದೆ. ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗನ್ನು ಬದಲಾಯಿಸುವುದು ದುಬಾರಿಯಾದ್ದರಿಂದ, ಅದನ್ನು ಹಾಕದೆ ಮುಚ್ಚಳ ಮಾತ್ರ ಕೂರಿಸಿ ಮಾರುವವರೂ ಇದ್ದಾರೆ.

ಇಷ್ಟೆಲ್ಲ ನಾವೇ ನೋಡಬೇಕೆಂದಿಲ್ಲ. ಪರಿಚಯದ ಮೇಸ್ತ್ರಿಯನ್ನು ಬಸ್ಸಿನ ಖರ್ಚು, ಒಂದು ದಿನದ ಕೂಲಿ ಕೊಟ್ಟು ಕರೆದೊಯ್ದರೆ ಸಾಕು. ಪಿಟ್ಟಿನ ಮೇಲೆ ಗಾಡಿ ತೋರಿಸಲು ಒಪ್ಪದ ವ್ಯಾಪಾರಿಯ ಬಳಿ ವ್ಯಾಪಾರ ಬೇಡ.

ಕಡತದಲ್ಲೇ ಇದ್ದ ಸಾಕ್ಷಿ

ಕಾರಿನ ಪೂರ್ವಚರಿತ್ರೆಯನ್ನು ಕೆದಕಲು ಕುಳಿತಾಗ ನಮಗೆ ಇನ್ನೊಂದು ಆಘಾತ ಕಾದಿತ್ತು. ಕೊಂಡ ದಿನವೇ ವ್ಯಾಪಾರಿ ಕೊಟ್ಟಿದ್ದ ಕಡತದಲ್ಲಿ ಹಳೆಯ ವಿಮಾ ಪಾಲಿಸಿಯ ಪ್ರತಿ ಇತ್ತು. ಅದರಲ್ಲಿ ‘ನೋ ಕ್ಲೇಮ್ ಬೋನಸ್’ ಎಂಬಲ್ಲಿ ಸೊನ್ನೆ ಎಂದು ಮುದ್ರಿಸಿತ್ತು. ವರ್ಷವಿಡೀ ಪರಿಹಾರ ಕೇಳದ ಮಾಲೀಕನಿಗೆ ಮರುವರ್ಷದ ಸ್ವಂತ ಹಾನಿಯ ಕಂತಿನಲ್ಲಿ ಶೇ. 20 ರಿಯಾಯಿತಿ ಸಿಗುತ್ತದೆ. ಅದು ವರ್ಷದಿಂದ ವರ್ಷಕ್ಕೆ ಶೇ. 25, 35, 45 ಎಂದು ಏರಿ ಐದು ವರ್ಷಕ್ಕೆ ಶೇ. 50ಕ್ಕೆ ನಿಲ್ಲುತ್ತದೆ. ಸ್ವಂತ ವಾಹನದ ಹಾನಿಗೆ ಒಮ್ಮೆ ಪರಿಹಾರ ಪಡೆದರೆ ರಿಯಾಯಿತಿ ಸೊನ್ನೆಗೆ ಇಳಿಯುತ್ತದೆ. ಒಬ್ಬರೇ ಮಾಲೀಕರಿದ್ದ ನಾಲ್ಕು ವರ್ಷದ ಕಾರಿಗೆ ಸೊನ್ನೆ ಏಕೆ? ವಿಮೆ ತುಂಬಾ ದಿನ ನಿಂತುಹೋಗಿದ್ದರೂ ಹೀಗಾಗುವುದುಂಟು. ಆದರೆ ಕೇಳಬೇಕಾದ ಪ್ರಶ್ನೆಯಂತೂ ಅಲ್ಲಿಯೇ ಇತ್ತು, ನಾವು ಕೇಳಲಿಲ್ಲ. ಆಮೇಲೆ ಆ ಕಂಪನಿಯ ಅಧಿಕೃತ ವರ್ಕ್‌ಶಾಪಿನಲ್ಲಿ ಸರ್ವಿಸ್ ದಾಖಲೆ ಕೇಳಿದೆವು. 2023ರಲ್ಲಿ ಮುಂಭಾಗದ ರಿಪೇರಿಗೆ ಅಂದಾಜುಪಟ್ಟಿ ಮಾಡಿಸಿ, ಕೆಲಸ ಮಾಡಿಸದೆ ಗಾಡಿ ಒಯ್ದದ್ದು ಅದರಲ್ಲಿತ್ತು. ಕೆಲಸ ನಡೆದದ್ದು ಬೇರೆಲ್ಲೋ, ಕಡಿಮೆ ಖರ್ಚಿನಲ್ಲಿ.

ಸರ್ಕಾರದ ಎಂ-ಪರಿವಾಹನ್ ತಂತ್ರಾಂಶದಲ್ಲಿ ನೋಂದಣಿ, ಸಾಲ, ವಿಮೆಯ ಅವಧಿ ಮೊದಲಾದವು ತಿಳಿಯುತ್ತವೆ. ಅಪಘಾತದ ಚರಿತ್ರೆ ಅದರಲ್ಲಿ ಸಿಗುವುದಿಲ್ಲ. ಆದ್ದರಿಂದ ಪಾಲಿಸಿಯ ಪ್ರತಿ ಮತ್ತು ಸರ್ವಿಸ್ ದಾಖಲೆ ಇವೆರಡನ್ನೂ ಮುಂಗಡ ಕೊಡುವ ಮೊದಲೇ ಕೇಳಿ ಓದಬೇಕು.

ಕಾನೂನು ಏನೆನ್ನುತ್ತದೆ?

ವ್ಯಾಪಾರಿಗೆ ಫೋನು ಮಾಡಿದಾಗ ಆತ ಸಿಟ್ಟಾಗಲಿಲ್ಲ. ಬಹಳ ವಿನಯದಿಂದಲೇ, “ಸಾರ್, ನೀವು ಕೇಳಲಿಲ್ಲ, ನಾವು ಹೇಳಲಿಲ್ಲ” ಎಂದ. ಬೇಕಿದ್ದರೆ ಮೂರು ಲಕ್ಷಕ್ಕೆ ವಾಪಸು ತೆಗೆದುಕೊಳ್ಳುವುದಾಗಿಯೂ ಹೇಳಿದ. ಈ ಮಾತನ್ನು ನಮ್ಮ ವಕೀಲ ಮಿತ್ರರಿಗೆ ಹೇಳಿದೆವು. ಅವರು ನಕ್ಕು, 1872ರ ಭಾರತೀಯ ಕರಾರು ಅಧಿನಿಯಮದ 17ನೇ ಕಲಮನ್ನು ತೆರೆದು ತೋರಿಸಿದರು.

ಆ ಕಲಮಿನಲ್ಲಿ ಕುದುರೆ ವ್ಯಾಪಾರದ ಉದಾಹರಣೆಗಳಿವೆ. ಒಬ್ಬನು ತನ್ನ ಕುದುರೆಗೆ ದೋಷವಿದೆಯೆಂದು ತಿಳಿದಿದ್ದೂ ಏನೂ ಹೇಳದೆ ಹರಾಜಿನಲ್ಲಿ ಮಾರುತ್ತಾನೆ. ಸುಮ್ಮನಿದ್ದ ಮಾತ್ರಕ್ಕೆ ಅದು ವಂಚನೆಯಾಗುವುದಿಲ್ಲ. ಆದರೆ ಕೊಳ್ಳುವವನು, “ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆ ಎಂದೇ ತಿಳಿಯುತ್ತೇನೆ” ಎಂದು ಹೇಳಿ, ಮಾರುವವನು ಆಗಲೂ ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ನೂರೈವತ್ತು ವರ್ಷಕ್ಕೂ ಹಿಂದೆ ಕುದುರೆಗೆ ಬರೆದದ್ದು ಇಂದು ಕಾರಿಗೂ ಹೊಂದುತ್ತದೆ. ಇಡೀ ವ್ಯವಹಾರದ ತಿರುಳು ಈ ಒಂದು ಪ್ರಶ್ನೆಯಲ್ಲಿದೆ. ಕೇಳಿದರೆ ಮಾರುವವನ ಮೇಲೆ ಹೊಣೆ ಬೀಳುತ್ತದೆ. ಕೇಳದಿದ್ದರೆ ಹೊಣೆ ನಮ್ಮದೇ. ಇದಲ್ಲದೆ 19ನೇ ಕಲಮಿನ ಪ್ರಕಾರ, ಸಾಮಾನ್ಯ ಎಚ್ಚರಿಕೆಯಿಂದ ನಿಜ ತಿಳಿಯುವ ದಾರಿ ಕೊಳ್ಳುವವನಿಗೆ ಇದ್ದರೆ ಎದುರಿನವನ ಮೌನವನ್ನೇ ಕಾರಣ ಮಾಡಿ ಕರಾರನ್ನು ರದ್ದು ಮಾಡಿಸಲಾಗದು. ಪಾಲಿಸಿಯ ಸೊನ್ನೆ ನಮ್ಮ ಕಡತದಲ್ಲೇ ಇತ್ತಲ್ಲ! ಸಾಲದ್ದಕ್ಕೆ ‘ಇದ್ದ ಸ್ಥಿತಿಯಲ್ಲೇ ಕೊಂಡಿದ್ದೇವೆ’ ಎಂಬ ಕಾಗದಕ್ಕೂ ನಾವು ರುಜು ಹಾಕಿದ್ದೆವು.

ವ್ಯಾಪಾರಿಯಿಂದ ಕೊಂಡವರಿಗೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಆಸರೆ ಇದೆ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಅಪಘಾತವಾಗಿಲ್ಲ ಎಂದು ಬರೆದುಕೊಟ್ಟ ಕಾಗದವೋ, ಜಾಹೀರಾತೋ, ಮೊಬೈಲ್ ಸಂದೇಶವೋ ಕೈಯಲ್ಲಿದ್ದರೆ ದೂರಿಗೆ ಬಲ ಬರುತ್ತದೆ. ವ್ಯಾಪಾರಿಯಲ್ಲದ ಖಾಸಗಿ ವ್ಯಕ್ತಿಯಿಂದ ಕೊಂಡಾಗ ಸಾಮಾನ್ಯವಾಗಿ ಈ ದಾರಿಯಿಲ್ಲ, ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ನಮ್ಮ ಕೈಯಲ್ಲಿ ಬರಹದಲ್ಲಿ ಏನೂ ಇರಲಿಲ್ಲ. ದೂರಿನ ಯೋಚನೆ ಬಿಟ್ಟೆವು.

ಮುಂದೇನು ಮಾಡಿದೆವು?

ಮೂರು ಲಕ್ಷಕ್ಕೆ ಕೊಟ್ಟುಬಿಟ್ಟರೆ ಆ ಕಾರು ಮತ್ತೆ ಬಣ್ಣ ಹಚ್ಚಿಕೊಂಡು ಇನ್ನೊಂದು ಮನೆಗೆ ಹೋಗುವುದು ಖಂಡಿತವಿತ್ತು. ನಮ್ಮ ನೆಂಟರೊಬ್ಬರು, “ನೀವೂ ಒಂದು ಕೋಟು ಬಣ್ಣ ಹೊಡೆಸಿ ಯಾರಿಗಾದರೂ ದಾಟಿಸಿಬಿಡಿ, ನಿಮಗೆ ಯಾರು ಹೇಳಿದ್ದರು?” ಎಂದರು. ಮಾತಿನಲ್ಲಿ ಲೆಕ್ಕ ಸರಿಯಾಗಿಯೇ ಇತ್ತು. ಘಾಟಿಯ ಆ ತಿರುವಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತಿದ್ದವರ ಮುಖ ನೋಡದೆ ಇದ್ದಿದ್ದರೆ ನಾವೂ ಒಪ್ಪುತ್ತಿದ್ದೆವೋ ಏನೋ.

ಕಾರನ್ನು ಎಳೆದು ಅಳತೆಗೆ ತರುವ ಯಂತ್ರವಿರುವ ವರ್ಕ್‌ಶಾಪಿಗೆ ಒಯ್ದೆವು. ಹಾಳಾದ ತೊಲೆಯನ್ನು ಕತ್ತರಿಸಿ ತೆಗೆದು, ಕಂಪನಿಯ ಹೊಸ ಭಾಗವನ್ನು ಕೂರಿಸಿದರು. ಗಾಲಿಯ ಕೋನ ಅಳತೆಗೆ ಬಂತು. ಟಯರು ಸೇರಿ ರೂ. 78,000 ಖರ್ಚಾಯಿತು. ಅಷ್ಟೇ ಹಣ ಮೊದಲೇ ಸೇರಿಸಿದ್ದರೆ ಪೆಟ್ಟಿಲ್ಲದ ಒಂದು ಕಾರು ಬರುತ್ತಿತ್ತು. ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು, ನಿಜ. ಆದರೆ ಈಗ ತಾಯಿಯವರು ಅದೇ ಕಾರಿನಲ್ಲಿ ಘಾಟಿ ಇಳಿಯುತ್ತಾರೆ. ಮೇಸ್ತ್ರಿಯವರು ತೆಗೆದ ಫೋಟೋಗಳು, ವರ್ಕ್‌ಶಾಪಿನ ಬಿಲ್ಲು, ಅಳತೆಯ ಪಟ್ಟಿ ಎಲ್ಲವನ್ನೂ ಕಡತದಲ್ಲಿ ಇಟ್ಟಿದ್ದೇವೆ. ಮುಂದೆ ಮಾರುವ ದಿನ ಬಂದರೆ ಆ ಕಡತ ಕೀಲಿಯ ಜೊತೆಗೇ ಹೋಗುತ್ತದೆ. ಬೆಲೆ ಎಷ್ಟು ಕಡಿಮೆಯಾಗುವುದೋ ಆಗಲಿ.

ಕೊಳ್ಳುವವರು ನೆನಪಿಡಬೇಕಾದ ಇನ್ನೆರಡು ಕಾಗದಗಳ ಮಾತು. ಮೋಟಾರು ವಾಹನ ಅಧಿನಿಯಮ, 1988ರ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನದೊಳಗೆ ನಮೂನೆ 29ರಲ್ಲಿ ತಿಳಿಸಬೇಕು, ಕೊಂಡವನು 30 ದಿನದೊಳಗೆ ನಮೂನೆ 30ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ವಿಮೆಯನ್ನು ನಮ್ಮ ಹೆಸರಿಗೆ ಮಾಡಿಸಲು 14 ದಿನದೊಳಗೆ ವಿಮಾ ಕಂಪನಿಗೆ ಬರೆಯಬೇಕು. ಮೂರನೆಯವರ ಹಾನಿಯ ವಿಮೆ ತಾನಾಗಿ ವಾಹನದ ಜೊತೆ ಬರುತ್ತದೆ. ನಮ್ಮ ಗಾಡಿಯ ಹಾನಿಗೆ ಪರಿಹಾರ ಬೇಕಾದರೆ ಹೆಸರು ಬದಲಾಗಿರಲೇಬೇಕು. ಹಳೆಯ ವಾಹನಗಳ ವ್ಯಾಪಾರಿಗಳು ಸಾರಿಗೆ ಇಲಾಖೆಯ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದನ್ನು ತೋರಿಸಿರೆಂದು ಕೇಳಲು ಸಂಕೋಚ ಬೇಡ.

ಕಡೆಯದಾಗಿ, ನಮ್ಮ ವಕೀಲ ಮಿತ್ರರು ಬರೆದುಕೊಟ್ಟ ನಾಲ್ಕು ಸಾಲನ್ನು ಕೆಳಗೆ ಕೊಟ್ಟಿದ್ದೇವೆ. ಓದುಗ ಬಂಧುಗಳು ಇದನ್ನು ಕತ್ತರಿಸಿ ಇಟ್ಟುಕೊಳ್ಳಬಹುದು. ಹಣ ಕೊಡುವ ಮೊದಲು ಮಾರುವವರ ರುಜು ಹಾಕಿಸಿಕೊಳ್ಳಬೇಕು. ರುಜು ಹಾಕಲು ಅವರು ಹಿಂದೆಗೆದರೆ, ಬಂದ ಬಸ್ಸಿನಲ್ಲೇ ಊರಿಗೆ ಮರಳುವುದು ಒಳ್ಳೆಯದು.

“............ ಸಂಖ್ಯೆಯ ಈ ವಾಹನವು ನನಗೆ ತಿಳಿದಮಟ್ಟಿಗೆ ಅಪಘಾತಕ್ಕೆ ಒಳಗಾಗಿಲ್ಲ / ಒಳಗಾಗಿದೆ. ರಿಪೇರಿಯಾದ ಅಥವಾ ಬದಲಾಯಿಸಿದ ಭಾಗಗಳು: ............ ವಾಹನವು ನೆರೆಯ ನೀರಿನಲ್ಲಿ ಮುಳುಗಿಲ್ಲ / ಮುಳುಗಿದೆ. ಈ ವಿವರಗಳನ್ನು ನಂಬಿ ಕೊಳ್ಳುವವರು ವಾಹನವನ್ನು ಕೊಳ್ಳುತ್ತಿದ್ದಾರೆಂಬುದು ನನಗೆ ತಿಳಿದಿದೆ. ಸ್ಥಳ, ದಿನಾಂಕ, ಮಾರುವವರ ರುಜು.”